ಒಂದು ಮೊರ ತೌಡಿನ ಮಗಳು

ತಿಪಟೂರು
೨೭ ಏಪ್ರಿಲ್ ೨೦೨೬, ಸೋಮವಾರ

ಬಿಳಿಗೆರೆಯ ಆಚೆಮನೆ ನಿಂಗಮ್ಮನವರಿಗೆ ಜೀವಿತಾ ಮಾಡುವ ನಮಸ್ಕಾರ.

ನಾನು ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವುದಿಲ್ಲ. ಮೊನ್ನೆ ಊರಿಗೆ ಬಂದಾಗ ಕಣ್ಣಾರೆ ಕಂಡೆ. ನನ್ನ ಸ್ಕೂಟರಿನ ಸದ್ದಿಗೇ ಎದ್ದು ಕೊಟ್ಟಿಗೆ ಸೇರಿದ ವೇಗ ನೋಡಿದರೆ ಮೊಣಕಾಲು ನೋವು ವಾಸಿಯಾಗಿರಬೇಕು. ಫೋನು ಮಾಡಿದರೆ ನನ್ನ ದನಿ ಕೇಳಿ ಇಟ್ಟುಬಿಡುತ್ತೀರಿ. ಕೊಬ್ಬರಿ ವ್ಯಾಪಾರದಲ್ಲಿ ಎಂಥೆಂಥ ಗಟ್ಟಿ ಆಸಾಮಿಗಳನ್ನೋ ಮಾತಿನಲ್ಲೇ ಕೂರಿಸಿದವಳು ನಾನು. ನಿಮ್ಮೊಬ್ಬರನ್ನು ಕೂರಿಸಲಾಗದೆ ಕಾಗದ ಹಿಡಿದಿದ್ದೇನೆ.

ಬರುವ ಭಾನುವಾರ ನನಗೂ ಗಂಗಾಧರ್ ಅವರಿಗೂ ಧಾರೆ. ಅದಕ್ಕೆ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು.

ಊರಿಗೆಲ್ಲ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ. ನನಗಿಂತ ಮುಂಚೆ ನಿಮ್ಮ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ನಾನು ಹುಟ್ಟಿದ ಹನ್ನೊಂದನೆಯ ದಿನ ನನ್ನನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಮಕ್ಕಳಿಲ್ಲದ ಪಕ್ಕದ ಮನೆಯ ಬೋರಮ್ಮನಿಗೆ ಒಂದು ಮೊರ ತೌಡಿಗೆ ಮಾರಿದಿರಿ. ಮಕ್ಕಳು ಉಳಿಯದ ಮನೆಯವರು ಹಾಗೆ ಮಾಡುವುದುಂಟು. ಕೂಸು ಈ ಮನೆಯದಲ್ಲ ಎಂದುಕೊಂಡು ಸಾವು ಮೋಸಹೋಗಲಿ ಎಂದು. ಮಾರುವುದು ಬರೀ ಶಾಸ್ತ್ರಕ್ಕೆ. ಹೊತ್ತು ಬಂದಾಗ ತೌಡು ಹಿಂದಿರುಗಿಸಿ ಮಗುವನ್ನು ಕರೆತರಬೇಕು. ಸಾವು ಮೋಸಹೋಯಿತು. ಕೊಂಡ ಬೋರಮ್ಮನೇ ನನಗೆ ಅವ್ವನಾಗಿ, ಜೀವಿತಾ ಎಂದೇ ಹೆಸರಿಟ್ಟಳು.

ನನಗೆ ಐದು ತುಂಬಿದ ದಿನ ನೀವು ಮೊರದ ತುಂಬ ತೌಡು ಹೊತ್ತು ಬಂದಿರಿ. ನಾನು ಬಾಗಿಲ ಸಂದಿಯಲ್ಲಿದ್ದೆ. ಅವ್ವ ಹೊಸಿಲು ದಾಟಲಿಲ್ಲ.

“ಅಯ್ನೋರು ಹೇಳವ್ರೆ ಕಣೇ ನಿಂಗಿ, ನೀನು ಮಗಳೇ ಅಂತ ಕರೆದ್ರೆ ಅವತ್ತೇ ಈ ಕೂಸು ಉಳಿಯಾಕಿಲ್ಲ. ಬುಡು, ಇಲ್ಲೇ ಬೆಳೀಲಿ” ಅಂದಳು.

ನೀವು ತೌಡು ಹೊತ್ತು ವಾಪಸ್ಸು ಹೋದಿರಿ. ಆಮೇಲೆ ನಿಮಗೆ ಮಕ್ಕಳಾಗಲೂ ಇಲ್ಲ.

ಅಂದಿನಿಂದ ಇಂದಿನವರೆಗೆ ನೀವು ನನ್ನನ್ನು ಮುಟ್ಟಿದ್ದು ಎರಡೇ ಸಲ. ಮೊದಲನೆಯದು, ನಾನು ಸುಲಿದ ತೆಂಗಿನಕಾಯಿ ಮಟ್ಟೆಯ ರಾಶಿಯಿಂದ ಬಿದ್ದು ಹಣೆ ಒಡೆದುಕೊಂಡಾಗ. ಎತ್ತಿಕೊಂಡು ಸೆರಗಿನಿಂದ ರಕ್ತ ಒತ್ತಿದಿರಿ. ಮರುಗಳಿಗೆ ಕೆಂಡ ಮುಟ್ಟಿದವರಂತೆ ನೆಲಕ್ಕಿಳಿಸಿ, “ಬೋರಕ್ಕಾ, ಎಲ್ ಸತ್ತೋದೆ? ಬಂದು ನಿನ್ ಮಗೀನ ಎತ್ಕೊಳೇ!” ಎಂದು ಕೂಗಿದಿರಿ. ಎರಡನೆಯದು, ಹೋದ ವರ್ಷ ನನ್ನ ಅಂಗಡಿ ಪೂಜೆಯ ದಿನ. ಚೀಲಗಳ ಮರೆಯಲ್ಲಿ, ಯಾರೂ ನೋಡುತ್ತಿಲ್ಲವೆಂದು ನನ್ನ ಸೀರೆಯ ನೆರಿಗೆ ಸರಿಮಾಡಿದಿರಿ. ನಾನು ತಿರುಗಲಿಲ್ಲ, ತಿರುಗಿದರೆ ಬಿಟ್ಟುಬಿಡುತ್ತೀರಿ ಎಂದು.

ಈಗ ಊರಿಗೆ ಗೊತ್ತಿಲ್ಲದ್ದು. ಮುಹೂರ್ತ ಕೇಳಲು ಹಾಲ್ಕುರಿಕೆಯ ರೇವಣಸಿದ್ದಯ್ಯನವರ ಬಳಿ ಹೋಗಿದ್ದೆ. ಅಂದು ನಿಮ್ಮಿಬ್ಬರಿಗೂ ಶಾಸ್ತ್ರ ಹೇಳಿದವರು ಅವರೇ. ವಯಸ್ಸು ಎಂಬತ್ತಾರು, ಹಲ್ಲು ಹೋಗಿವೆ, ನೆನಪು ಹೋಗಿಲ್ಲ. ಹೆತ್ತವಳು ಧಾರೆ ಎರೆದರೆ ನನ್ನ ಜೀವಕ್ಕೆ ಕುತ್ತೇ ಎಂದು ಕೇಳಿದೆ. ನಕ್ಕುಬಿಟ್ಟರು.

“ಐದು ವರ್ಸ ತುಂಬೋಗಂಟ ಅಂದಿದ್ದೆ ಕಣವ್ವ. ಆಯಸ್ಸು ಮುಗಿಯೋಗಂಟ ಅಂತ ಯಾರಂದ್ರು?”

ಯಾರೆಂದರು ಎಂದು ನನಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು. ನಿಮ್ಮನ್ನು ಇಪ್ಪತ್ತೇಳು ವರ್ಷ ಕೊಟ್ಟಿಗೆಗೆ ಓಡಿಸಿದ್ದು ದೇವರಲ್ಲ, ನನ್ನ ಅವ್ವ.

ಅವಳ ಮೇಲೆ ಹರಿಹಾಯಬೇಡಿ ಎನ್ನುವ ಹಕ್ಕು ನನಗಿಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನನ್ನ ತಕ್ಕಡಿ ಸುಳ್ಳಾಗುತ್ತದೆ. ಟೈಫಾಯಿಡ್ ಬಂದಾಗ ಬಸ್ಸು ತಪ್ಪಿ, ನನ್ನನ್ನು ಬೆನ್ನ ಮೇಲೆ ಹೊತ್ತು ತಿಪಟೂರಿನವರೆಗೆ ನಡೆದವಳು ಅವಳು. ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವುದನ್ನು ನಾನು ಕಲಿತದ್ದು ಅವಳ ತೊಡೆಯ ಮೇಲೆ ಕೂತು. ಇವತ್ತು ನನ್ನ ಅಂಗಡಿ ನಿಂತಿರುವುದು ಆ ಕಿವಿಯಿಂದ. ಆ ಒಂದು ಸುಳ್ಳನ್ನು ಆರಿಸಿ ತೆಗೆದರೆ ಇಡೀ ರಾಶಿಯಲ್ಲಿ ಕೊಳೆತದ್ದು ಇನ್ನೊಂದಿಲ್ಲ. ಅವಳು ಹೆದರಿದ್ದಳು, ಅಷ್ಟೇ. ನೀವು ಸಾವಿಗೆ ಹೆದರಿದಿರಿ, ಅವಳು ನಿಮಗೆ ಹೆದರಿದಳು. ಇಬ್ಬರ ಹೆದರಿಕೆಯ ಅನ್ನವನ್ನೂ ಉಂಡು ದಪ್ಪಗಾದವಳು ನಾನು.

ನನ್ನ ಬೇಡಿಕೆ ಇಷ್ಟು. ಭಾನುವಾರ ನೀವಿಬ್ಬರೂ ಒಂದೇ ಗಿಂಡಿ ಹಿಡಿದು ನಮ್ಮ ಕೈಯ ತೆಂಗಿನಕಾಯಿಯ ಮೇಲೆ ಹಾಲೆರೆಯಬೇಕು. ಗಂಡನಿಲ್ಲದವರು ಎರೆಯಬಾರದು ಎಂದು ಯಾರಾದರೂ ಬಾಯಿ ತೆರೆದರೆ ಅವರನ್ನು ನನಗೆ ಬಿಡಿ. ಆಮೇಲೆ ಎಲ್ಲರೆದುರು ನನ್ನನ್ನು ಒಂದು ಸಲ ಮಗಳೇ ಎಂದು ಕರೆಯಿರಿ. ನಾನು ಸಾಯುವುದಿಲ್ಲ. ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ಬಡಿಸಿಕೊಳ್ಳುತ್ತೇನೆ, ನೋಡುವಿರಂತೆ.

ಇಂತಿ,
ನಿಮ್ಮಿಬ್ಬರ
ಜೀವಿತಾ

ಮರೆಯದೆ ಉಳಿಸಿಕೊಂಡ ಮಾತು: ಅವ್ವಾ, ನಿಂಗಮ್ಮನವರಿಗೆ ಓದಲು ಬಾರದು. ಲಗ್ನಪತ್ರಿಕೆಯ ಜೊತೆ ಈ ಅಂಟಿಸಿದ ಲಕೋಟೆಯನ್ನು ನಿನ್ನ ಕೈಗೇ ಕೊಟ್ಟು, “ನೀನೇ ಓದಿ ಹೇಳು” ಎಂದದ್ದು ಬೇಕೆಂದೇ. ನಿನ್ನೆದುರು ನಿಂತು ನೀನು ಸುಳ್ಳು ಹೇಳಿದೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅದಕ್ಕೇ ನಿನ್ನ ಬಾಯಿಂದಲೇ ಹೇಳಿಸುತ್ತಿದ್ದೇನೆ. ನಡುವೆ ಯಾವ ಸಾಲನ್ನು ನುಂಗಿದರೂ ಅವರಿಗೆ ತಿಳಿಯುವುದಿಲ್ಲ. ಭಾನುವಾರ ನೀನೊಬ್ಬಳೇ ಗಿಂಡಿ ಹಿಡಿದು ಬಂದರೆ ತಲೆಬಾಗಿ ಕೈ ಒಡ್ಡುತ್ತೇನೆ. ಅವರು ಹೆದರಿದರೋ, ನೀನು ಓದಲಿಲ್ಲವೋ ಎಂದು ಬದುಕಿರುವವರೆಗೂ ಕೇಳುವುದಿಲ್ಲ.