ಜನೆಲ್ ಹೆಸರಿನಲ್ಲಿ ಕೇಳಿದ ಓಟು

ಆಗಸ್ಟ್ 7, ಶುಕ್ರವಾರ

ಪ್ರೀತಿಯ ತಂಗಿ ರೊಸೆಲ್ಲಾ,

ಮಠದಲ್ಲಿ ನಿನಗೆ ಯಾವ ಸಂತರ ಹೆಸರಿಟ್ಟಿದ್ದರೂ ಇರಲಿ, ನನಗೆ ನೀನು ರೊಸೆಲ್ಲಾನೇ. ಈಸ್ಟರ್ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಜೂನ್ ತಿಂಗಳೆಲ್ಲ ಗೋಧಿ ಕೊಯ್ಲು. ನಿನ್ನ ಭಾವ ವರ್ನನ್ ಕಣಜದ ತೂಕದ ಕಟ್ಟೆಯಲ್ಲಿ ಲಾರಿ ತೂಗುತ್ತ ಮನೆಗೆ ಬರುತ್ತಿದ್ದದ್ದೇ ಊಟಕ್ಕೆ ಮತ್ತು ನಿದ್ದೆಗೆ. ನಾನು ಎಲೆಕೋಸು, ಮಾಂಸ ತುಂಬಿದ ಬನ್ನು ಬೇಯಿಸಿ ಬೇಯಿಸಿ ಸೋತೆ. ಆದರೆ ಜುಲೈಗೂ ಕೊಯ್ಲಿನ ನೆಪ ಹೇಳಿದರೆ ಸುಳ್ಳಾಗುತ್ತದೆ. ಜುಲೈ ಪೂರ್ತಿ ನಾನು ಸಿಟ್ಟಿನಲ್ಲಿದ್ದೆ. ಈಗಲೂ ಇಳಿದಿಲ್ಲ, ಆದರೆ ನಿನಗೆ ಹೇಳದೆ ಇನ್ನು ತಡೆಯಲಾರೆ.

ನಿಮ್ಮಲ್ಲಿ ಟಿವಿ ಇಲ್ಲ, ಪತ್ರಿಕೆಯೂ ಬರುವುದಿಲ್ಲ. ಪುಣ್ಯವಂತರು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನಮ್ಮ ರಾಜ್ಯದ್ದೇ ಆದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳು ಎಲ್ಲಿಂದ ಬರುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಒಂದು ಸಮಿತಿ ಮೂರು ಹೆಸರು ಕೊಡುತ್ತದಂತೆ, ಗವರ್ನರ್ ಅದರಲ್ಲಿ ಒಬ್ಬರನ್ನು ಆರಿಸುತ್ತಾರಂತೆ. ಈಗ ಕೆಲವರು ಎದ್ದು, ಅದೆಲ್ಲ ಬೇಡ, ಜಿಲ್ಲೆಯ ಪೊಲೀಸ್ ಷೆರಿಫನನ್ನು ಆರಿಸುವ ಹಾಗೆ ನ್ಯಾಯಮೂರ್ತಿಗಳನ್ನೂ ಜನರೇ ಓಟು ಹಾಕಿ ಆರಿಸಲಿ ಎಂದು ಒಂದು ತಿದ್ದುಪಡಿ ತಂದರು. ಮೊನ್ನೆ ಮಂಗಳವಾರ ಅದಕ್ಕೆ 'ಹೌದು' ಅಥವಾ 'ಬೇಡ' ಎಂದು ಓಟು ಹಾಕಬೇಕಿತ್ತು. ಹಾಕಲಿ, ಅದು ಜನರ ಇಷ್ಟ. ನನ್ನ ಸಿಟ್ಟು ಅದರ ಮೇಲಲ್ಲ.

ಜೂನ್ ಕೊನೆಯ ಒಂದು ಸಂಜೆ ಹಿಟ್ಟು ನಾದುತ್ತಿದ್ದೆ. ಆರು ಗಂಟೆಯ ವಾರ್ತೆಗೆ ಮುಂಚೆ ಟಿವಿಯಲ್ಲಿ ಯಾರೋ ಗಂಡಸು 'ಜನೆಲ್' ಅಂದ. ತಿರುಗಿ ನೋಡಿದರೆ ನನ್ನ ಮಗಳು. ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತು, ಕೈತುಂಬ ಸೋಪಿನ ನೊರೆ, ಹಿಂತಿರುಗಿ ನಗುತ್ತಿದ್ದಾಳೆ. ನಮ್ಮದೇ ಅಡುಗೆಮನೆ. ಅವಳ ಬಾಯಿ ಅಲ್ಲಾಡುತ್ತದೆ, ದನಿ ಇಲ್ಲ. ದನಿಯೆಲ್ಲ ಆ ಗಂಡಸಿನದು. ಆಮೇಲೆ ಅವಳ ಮುಖದ ಬಣ್ಣವನ್ನೆಲ್ಲ ತೆಗೆದು ಕಪ್ಪು ಬಿಳುಪು ಮಾಡಿ ಅವನು ಹೇಳಿದ: 'ಯಾರೂ ಆರಿಸದ ನ್ಯಾಯಮೂರ್ತಿಗಳು ಜನೆಲ್‌ಳ ಕೊಲೆಗಾರನನ್ನು ಬಿಟ್ಟುಬಿಟ್ಟರು. ಜನೆಲ್‌ಗಾಗಿ ಹೌದು ಎನ್ನಿ.'

ಬಿಟ್ಟುಬಿಟ್ಟರು. ನೀನು ಬಲ್ಲೆ ರೊಸೆಲ್ಲಾ, ನಿನಗೆ ಬರೆದಿದ್ದೆ. ಅವನು ಒಂದು ದಿನವೂ ಹೊರಗೆ ಬಂದಿಲ್ಲ. ಮೊದಲ ಜ್ಯೂರಿ ಅವನಿಗೆ ಮರಣದಂಡನೆ ಕೊಟ್ಟಿತ್ತು. ಜ್ಯೂರಿಗೆ ಕಾನೂನನ್ನು ತಪ್ಪಾಗಿ ವಿವರಿಸಿದ್ದಾರೆ, ಶಿಕ್ಷೆಯ ಭಾಗದ ವಿಚಾರಣೆ ಮತ್ತೆ ನಡೆಯಲಿ ಎಂದು ನ್ಯಾಯಮೂರ್ತಿಗಳು ಹೇಳಿದರು. ಎರಡನೇ ಜ್ಯೂರಿ ಸಾಯುವ ತನಕ ಜೈಲು ಅಂದಿತು. ಅಷ್ಟೇ ಆದದ್ದು. ಆದರೆ ಆ 'ಅಷ್ಟೇ'ಗೆ ನಾನು ಮತ್ತೊಮ್ಮೆ ಹೋಗಿ ಕೋರ್ಟಿನ ಆ ಬೆಂಚಿನ ಮೇಲೆ ಕೂತು, ಕೊಲೆಯ ಅದೇ ಫೋಟೋಗಳನ್ನು ಗೋಡೆಯಗಲ ನೋಡಬೇಕಾಯಿತು. ಆ ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ದಿನ ನನ್ನ ಕೈಗೆ ಓಟು ಕೊಟ್ಟಿದ್ದರೆ ಒಬ್ಬರನ್ನೂ ಬಿಡದೆ ಮನೆಗೆ ಅಟ್ಟುತ್ತಿದ್ದೆ. ಅದಕ್ಕೇ ಹೇಳುತ್ತಿದ್ದೇನೆ, ನನ್ನಂಥವಳ ಕೈಗೆ ಅಂಥ ದಿನ ಓಟು ಕೊಡಬಾರದು.

ಮಾರನೆಯ ದಿನ ಟಿವಿಯವರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ಮೃದುವಾಗಿ ಮಾತಾಡಿದಳು. "ಅದು ದುಡ್ಡು ಕೊಟ್ಟು ಹಾಕಿಸಿರೋ ಜಾಹೀರಾತು ಮೇಡಂ, ನಮ್ಮ ಕೈಲಿ ಏನಿಲ್ಲ. ಪ್ರಚಾರದವರ ಹತ್ರ ಮಾತಾಡಿ," ಅಂದಳು. ಪ್ರಚಾರದವರಿಗೆ ಮಾಡಿದೆ. ಆ ವಾರವೇ ಟ್ರೆಂಟ್ ಎಂಬ ಯುವಕ ಮನೆಗೇ ಬಂದ. ಕೈಯಲ್ಲಿ ಒಂದು ಡಬ್ಬಿ ಡೋನಟ್, ಕಾಲಿಗೆ ಒಂದು ದಿನವೂ ಸಗಣಿ ತುಳಿಯದ ಬೂಟು. ಅಡುಗೆಮನೆಯಲ್ಲಿ ಕೂರಿಸಿದೆ. ಅವನ ಕಣ್ಣು ಸುತ್ತ ತಿರುಗಿ ತೊಟ್ಟಿಯ ಮೇಲೆ ನಿಂತಿತು. ಅದೇ ತೊಟ್ಟಿ ಎಂದು ಅವನಿಗೆ ಗೊತ್ತಾಯಿತು.

"ನಿಮ್ಮ ನೋವು ನಮಗೆ ಅರ್ಥ ಆಗತ್ತೆ ಮೇಡಂ," ಅಂದ.

"ನಿಂಗೆ ಮಕ್ಕಳಿದಾರೇನಪ್ಪ?"

"ಇನ್ನೂ ಮದುವೆ ಆಗಿಲ್ಲ."

"ಹಾಗಾದ್ರೆ ಅರ್ಥದ ಮಾತು ಬಿಡು. ಅವಳನ್ನ ಟಿವಿಯಿಂದ ತೆಗಿ. ಅವನನ್ನ ಯಾರೂ ಬಿಟ್ಟಿಲ್ಲ, ಆ ಸುಳ್ಳನ್ನೂ ತೆಗಿ."

"ಬಿಟ್ಟರು ಅಂದ್ರೆ, ಮರಣದಂಡನೆಯಿಂದ ಬಿಟ್ಟರು ಅನ್ನೋ ಅರ್ಥದಲ್ಲಿ," ಅಂದ. ಕಾಫಿ ಕಲಕಿದ ಚಮಚವನ್ನು ತಟ್ಟೆಯ ಮೇಲೆ ಬಹಳ ನಾಜೂಕಾಗಿ ಇಟ್ಟ. "ನೋಡಿ ಮೇಡಂ, ಜನೆಲ್ ಈಗ ನಿಮ್ಮೊಬ್ಬರ ಮಗಳಲ್ಲ. ಇಡೀ ರಾಜ್ಯದ ಮಗಳು."

"ರಾಜ್ಯದ ಮಗಳಾದ್ರೆ ರಾಜ್ಯದೋರು ಬಂದು ಸಮಾಧಿ ಮೇಲಿನ ಹುಲ್ಲು ಕೀಳಲಿ," ಅಂದೆ. "ಹನ್ನೊಂದು ವರ್ಷದಿಂದ ನಾನೊಬ್ಳೇ ಕೀಳ್ತಿದೀನಿ."

ಆಗ ಅವನು ತಲೆ ತಗ್ಗಿಸಿ ಆ ಮಾತು ಆಡಿದ. "ನಾವು ಕದ್ದು ತಂದಿಲ್ಲ ಮೇಡಂ. ವಿಡಿಯೋ ಕೊಟ್ಟಿದ್ದು ನಿಮ್ಮೆಜಮಾನ್ರೇ."

ಡೋನಟ್ ಡಬ್ಬಿಯನ್ನು ಅವನ ಕೈಗೆ ವಾಪಸು ಕೊಟ್ಟು ಬಾಗಿಲು ಹಾಕಿಕೊಂಡೆ.

ವರ್ನನ್ ಸಂಜೆ ಬಂದ. ಕೂದಲ ತುಂಬ ಗೋಧಿಯ ಧೂಳು. ನಿಂತ ನಿಲುವಿನಲ್ಲೇ ಕೇಳಿದೆ. ಅವನು ಸುಳ್ಳು ಹೇಳುವವನಲ್ಲ, ಅದೊಂದು ಗುಣ ಇದೆ.

"ಹೌದು, ಕೊಟ್ಟೆ," ಅಂದ. "ಫೋನ್ ಮಾಡಿ ಕೇಳಿದ್ರು, ಕೊಟ್ಟೆ."

"ನನ್ನ ಕೇಳ್ದೆ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅವರು ಸುಳ್ಳು ಹೇಳ್ತಿದಾರೆ ವರ್ನನ್. ಅವನು ಒಳಗೇ ಇದಾನೆ."

"ಗೊತ್ತು. ಹೇಳ್ಲಿ ಬಿಡು." ಕುರ್ಚಿ ಎಳೆದುಕೊಂಡು ಕೂತು ಬೂಟಿನ ದಾರ ಬಿಚ್ಚತೊಡಗಿದ. "ಈ ಊರಲ್ಲಿ ನಾನು ತೂಗದ ಲಾರಿ ಇಲ್ಲ. ಎಲ್ಲರೂ ಹವಾ ಹೇಗಿದೆ ಅಂತಾರೆ, ರೇಟ್ ಎಷ್ಟು ಅಂತಾರೆ. ಒಬ್ಬನಾದ್ರೂ ಅವಳ ಹೆಸರು ಎತ್ತಿದಾನಾ? ನಾನು ಎತ್ತಿದ್ರೆ ಟೋಪಿ ಸರಿ ಮಾಡ್ಕೊಂಡು ಲಾರಿ ಹತ್ತತಾರೆ. ಆ ಹುಡುಗ ಫೋನ್‌ನಲ್ಲಿ ಮೊದಲು ಅಂದಿದ್ದೇ 'ಜನೆಲ್ ಬಗ್ಗೆ ಹೇಳಿ ಸಾರ್' ಅಂತ. ಒಂದು ಗಂಟೆ ಹೇಳಿದೀನಿ. ಅವನು ಸುಮ್ನೆ ಕೇಳ್ದ."

ಅವತ್ತಿನಿಂದ ನಮ್ಮಿಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು. ಅವನ ಮೇಲಿನ ಸಿಟ್ಟಿಗಿಂತ ಆ ಟ್ರೆಂಟನ ಮೇಲಿನ ಸಿಟ್ಟು ಹೆಚ್ಚಾಯಿತು. ಹಸಿದವನಿಗೆ ತುತ್ತು ತೋರಿಸಿ ಮನೆಯ ಬಾಗಿಲು ತೆಗೆಸಿದ ಹಾಗೆ ಮಾಡಿದ್ದ ಅವನು.

'ಬೇಡ' ಅನ್ನುವ ಪಕ್ಷದವರು ಏನು ಕಮ್ಮಿ ಎಂದುಕೊಂಡೆಯಾ? ಎರಡು ವಾರದ ಮೇಲೆ ರಾಜಧಾನಿಯಿಂದ ಒಬ್ಬ ವಕೀಲೆ ಬಂದಳು. ಒಳ್ಳೆಯ ಮಾತು, ಒಳ್ಳೆಯ ಚಪ್ಪಲಿ. ನ್ಯಾಯಮೂರ್ತಿಗಳು ಓಟಿಗೆ ನಿಂತರೆ ಪ್ರಚಾರಕ್ಕೆ ದುಡ್ಡು ಬೇಕು, ಕೊಟ್ಟವನ ಕೇಸು ಬಂದರೆ ಮುಖ ನೋಡುತ್ತಾರೆ, ಟಿವಿಗೆ ಹೆದರಿ ತೀರ್ಪು ಬರೆಯುತ್ತಾರೆ ಎಂದೆಲ್ಲ ಹೇಳಿದಳು. ಎಲ್ಲ ಸರಿಯಾಗಿಯೇ ಇತ್ತು, ನಾನೂ ಹೂಂಗುಟ್ಟಿದೆ. ಕೊನೆಗೆ ಮೆಲ್ಲಗೆ ಕೇಳಿದಳು, "ಇದನ್ನೇ ನೀವು ಕ್ಯಾಮೆರಾ ಮುಂದೆ ಹೇಳಿದ್ರೆ? 'ನಾನು ಜನೆಲ್ ತಾಯಿ, ನಾನು ಬೇಡ ಅಂತೀನಿ' ಅಂತ. ಬರೀ ಮೂವತ್ತು ಸೆಕೆಂಡು. ಹಿಂದುಗಡೆ ಗೋಡೆ ಮೇಲೆ ಅವಳ ಫೋಟೋ ಇದ್ರೆ ಸಾಕು."

ಉರಿಯುವ ಮನೆಯಲ್ಲಿ ಗಳ ಹಿರಿಯುವವರಲ್ಲಿ ಎಡದವರು ಬಲದವರು ಎಂದು ಭೇದವಿಲ್ಲ ನೋಡು. ಅವಳನ್ನೂ ಕಳಿಸಿದೆ. ಡೋನಟ್ ತಂದಿರಲಿಲ್ಲವಾದ್ದರಿಂದ ಬೇಗ ಮುಗಿಯಿತು.

ಇನ್ನು ಸಭಾಂಗಣದ ವಿಷಯ. ನಮ್ಮ ಇಗರ್ಜಿಯ ಸಭಾಂಗಣವನ್ನು ಓಟಿಗೆ ಮುಂಚಿನ ಗುರುವಾರ 'ಹೌದು' ಪಕ್ಷದವರು ಬಾಡಿಗೆಗೆ ಹಿಡಿದಿದ್ದರು. ಸಭೆಯ ಊಟಕ್ಕೆ ಬನ್ನು ಮಾಡಿಕೊಡುವುದು ನಮ್ಮ ಹೆಂಗಸರ ಸಂಘದ ಕೆಲಸ, ಯಾವ ಪಕ್ಷವಾದರೂ ಸರಿ. ನನ್ನ ತಟ್ಟೆ ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಹೋದೆ. ವೇದಿಕೆಯ ಮೇಲೆ ಜನೆಲ್ ನಿಂತಿದ್ದಳು. ಆಳೆತ್ತರದ ಬ್ಯಾನರು. ಅವಳ ಎದೆಯ ಮೇಲೆ ಅಡ್ಡಲಾಗಿ 'ಹೌದು' ಎಂದು ಕೆಂಪಕ್ಷರ. ಅವಳ ಮುಂದೆ ಮೈಕು ಹಿಡಿದು ಟ್ರೆಂಟ್ ಜನರ ಅಧಿಕಾರದ ಬಗ್ಗೆ ಮಾತಾಡುತ್ತಿದ್ದ.

ತಟ್ಟೆ ಮೇಜಿನ ಮೇಲಿಟ್ಟು ವೇದಿಕೆ ಹತ್ತಿದೆ. ಯಾರೂ ತಡೆಯಲಿಲ್ಲ. ಬನ್ನು ಕೊಡುವವಳು ಯಾಕೆ ಹತ್ತಿದಳು ಎಂದು ಹೊಸಬರಿಗೆ ತಿಳಿಯಲಿಲ್ಲ, ನಮ್ಮವರೆಲ್ಲ ನೆಲ ನೋಡಿದರು. ಟ್ರೆಂಟ್ ಮಾತ್ರ, "ಇವರೇ ನೋಡಿ ಜನೆಲ್ ತಾಯಿ," ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದ. ಜನ ಎದ್ದು ಚಪ್ಪಾಳೆ ಹೊಡೆದರು.

"ಇಲ್ಲಿರೋರೆಲ್ಲ ಜಾತ್ರೇಲಿ ಕರು ಕಟ್ಟಿದೋರೇ," ಅಂದೆ. "ನಮ್ಮ ಮಕ್ಕಳು ಸಾಕಿದ ಕರುಗಳಿಗೆ ಬಹುಮಾನ ಕೊಡೋನನ್ನ ಎಲ್ಲಿಂದ ಕರೆಸ್ತೀವಿ? ಮೂರು ಜಿಲ್ಲೆ ಆಚೆಯಿಂದ. ಅವನು ಯಾರ ಮನೇಲೂ ಮಲಗಂಗಿಲ್ಲ, ಬಹುಮಾನ ಕೊಡೋ ತನಕ ಯಾರ ಕೈಯಿಂದಾನೂ ಒಂದು ತುಂಡು ಪೈ ತಿನ್ನಂಗಿಲ್ಲ. ಯಾಕೆ? ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಊರೋರು ಓಟು ಹಾಕಿ ಆರಿಸಿದ ತೀರ್ಪುಗಾರನ ಮುಂದೆ ನಿಮ್ಮ ಮಗಳ ಕರು ನಿಲ್ಲಿಸ್ತೀರಾ? ಕರುಗೆ ಇಷ್ಟು ನ್ಯಾಯ ಬೇಕು ನಮಗೆ. ಮನುಷ್ಯರ ಕೊರಳಿನ ವಿಷಯಕ್ಕೆ ಬೇಡ್ವಾ?"

ಹಿಂದಿನ ಸಾಲಿನಿಂದ ಒಬ್ಬ, "ಅವನು ನಿನ್ನ ಮಗಳನ್ನ ಕೊಂದವನು ಕಣೇ ಆಲ್ವಿನಾ," ಅಂದ. ನನ್ನ ಜೊತೆ ಶಾಲೆಗೆ ಬಂದವನೇ, ಹೆಸರು ಬರೆಯುವುದಿಲ್ಲ.

"ನಂಗೆ ಗೊತ್ತಿಲ್ವೇನೋ," ಅಂದೆ. "ಅವನು ಸತ್ರೆ ನಾನು ಅಳಲ್ಲ. ಆದ್ರೆ ಅವನು ಹೊರಗಿಲ್ಲ, ಒಳಗೇ ಇದಾನೆ. ಅದು ನಿಮಗೆಲ್ಲ ಗೊತ್ತು. ಗೊತ್ತಿದ್ದೂ ಕೂತ್ಕೊಂಡು ಕೇಳ್ತಿದೀರಿ."

ಆಮೇಲೆ ಮೈಕು ಕೊಟ್ಟು ಬ್ಯಾನರಿನ ಕೊಕ್ಕೆ ಬಿಚ್ಚಿದೆ. ಟ್ರೆಂಟ್ ಕೈ ಅಡ್ಡ ತಂದ. ಅಷ್ಟರಲ್ಲಿ ಫಾದರ್ ಗಿಲ್ಬರ್ಟ್ ಎದ್ದು ಬಂದು, "ಆಕೆ ತಗೊಂಡು ಹೋಗಲಿ ಬಿಡಪ್ಪ," ಎಂದು ಇನ್ನೊಂದು ತುದಿ ಹಿಡಿದರು. ಅಷ್ಟಾದರೂ ಮಾಡಿದರು. ಸಭಾಂಗಣ ಬಾಡಿಗೆಗೆ ಕೊಟ್ಟವರೂ ಅವರೇ ಎಂಬುದನ್ನು ನಾನು ಮರೆತಿಲ್ಲ.

ಬ್ಯಾನರು ಈಗ ಅವಳ ಕೋಣೆಯಲ್ಲಿ, ಅವಳ ಮಂಚದ ಮೇಲಿದೆ. ಮಡಚಿದರೆ ಮುಖದ ಮೇಲೆ ಗೆರೆ ಬೀಳುತ್ತದೆ, ಸುಡೋಣವೆಂದರೆ ಯಾವ ತಾಯಿ ಸುಡುತ್ತಾಳೆ? ಸುರುಳಿ ಸುತ್ತಿ ಮಲಗಿಸಿದ್ದೇನೆ. ಅಂಥದ್ದೊಂದನ್ನು ಅಚ್ಚು ಹಾಕಿಸುವವರು ಓಟು ಮುಗಿದ ಮೇಲೆ ಅದನ್ನು ಏನು ಮಾಡುವುದೆಂದು ಯೋಚಿಸಿಯೇ ಇರುವುದಿಲ್ಲ.

ಮಂಗಳವಾರ ಓಟು ಹಾಕಿದೆ. 'ಬೇಡ' ಎಂದೇ ಹಾಕಿದೆ. ವರ್ನನ್ ನನ್ನ ಪಕ್ಕದ ಓಟಿನ ಮರೆಯಲ್ಲಿ ನಿಂತು ಹಾಕಿದ. ಏನು ಹಾಕಿದ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ 'ಹೌದು' ಚೆನ್ನಾಗಿಯೇ ಗೆದ್ದಿದೆ. ರಾಜ್ಯದಲ್ಲಿ ಕೂದಲೆಳೆಯ ಅಂತರವಂತೆ, ಇನ್ನೂ ಎಣಿಸುತ್ತಿದ್ದಾರೆ. ಯಾರು ಗೆದ್ದರೂ ನನ್ನ ಮಗಳ ಹೆಸರಿನಲ್ಲಿ ಸುಳ್ಳು ಹೇಳಿದ್ದು ಹೇಳಿದ್ದೇ. ಅದಕ್ಕೆ ಮರು ಎಣಿಕೆ ಇಲ್ಲ.

ಇಷ್ಟು ಓದಿ ನೀನು ನನ್ನ ಸಿಟ್ಟಿಗಾಗಿ ಪ್ರಾರ್ಥನೆ ಮಾಡಲು ಹೊರಡಬೇಡ. ಅದು ನನಗೆ ಬೇಕು. ವರ್ನನ್‌ಗಾಗಿ ಮಾಡು. ಟ್ರೆಂಟನಿಗೂ ಒಂದು ಸಣ್ಣದು ಮಾಡು, ಅವನಿಗೊಂದು ಮಗುವಾಗಲಿ. ದೇವರು ನಿನ್ನ ಮಂಡಿಗಳನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೆಲಸಕ್ಕೆ ಅವೇ ಬೇಕಲ್ಲ.

ನಿನ್ನ ಅಕ್ಕ,
ಆಲ್ವಿನಾ

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದೆ. ಓಟು ಮುಗಿದ ಮೇಲೆ ಜಾಹೀರಾತು ನಿಂತಿತು. ನಾನು ಕೇಳಿದ್ದೂ ಅದನ್ನೇ. ನಿನ್ನೆ ಆರು ಗಂಟೆಗೆ ಕೈ ಕೂಡ ತೊಳೆಯದೆ ಹೋಗಿ ಟಿವಿ ಮುಂದೆ ಕೂತೆ. ವರ್ನನ್ ಮೊದಲೇ ಬಂದು ಕೂತಿದ್ದ. ಟ್ರ್ಯಾಕ್ಟರಿನದು ಬಂತು, ಮಂಡಿನೋವಿನ ಮಾತ್ರೆಯದು ಬಂತು, ವಾರ್ತೆಯೂ ಶುರುವಾಯಿತು. ಇಬ್ಬರೂ ಏಳಲಿಲ್ಲ. ನಾನು ಅವಳಿಗಾಗಿ ಕಾಯುತ್ತಿದ್ದೆ ರೊಸೆಲ್ಲಾ. ದಿನವೂ ಸಂಜೆ ಅವಳು ತಿರುಗಿ ನನ್ನನ್ನು ನೋಡಿ ನಗುತ್ತಿದ್ದಳು, ಮತ್ತು ನಾನು ಅದನ್ನು ನಿಲ್ಲಿಸಿ ಎಂದು ಊರೆಲ್ಲ ಜಗಳವಾಡಿದೆ. ವರ್ನನ್ ಟಿವಿ ಆರಿಸಿ ತನ್ನ ಫೋನನ್ನು ನನ್ನ ಮುಂದೆ ಹಿಡಿದ. "ಇದರಲ್ಲಿ ಅವಳ ದನೀನೂ ಇದೆ, ಒತ್ತು," ಅಂದ. ನನ್ನ ಕೈಲಾಗಲಿಲ್ಲ. ಆ ಗಂಡಸಿನ ಸುಳ್ಳು ದನಿಯನ್ನು ಇಡೀ ಬೇಸಿಗೆ ಸಹಿಸಿದೆ, ನನ್ನ ಮಗಳದೇ ದನಿಯನ್ನು ಸಹಿಸಲಾರೆ. ಅವಳ ಮಣ್ಣಿಗೆ ಮಠದವರು ನಿನ್ನನ್ನು ಕಳಿಸಲಿಲ್ಲ, ಆಗ ನಾನು ಏನೂ ಅನ್ನಲಿಲ್ಲ. ಈಗ ಒಂದೆರಡು ದಿನ ಕಳಿಸಿಕೊಡುತ್ತಾರಾ, ನಿಮ್ಮ ಮದರ್ ಅವರನ್ನು ಕೇಳು. ನೀನು ಪಕ್ಕದಲ್ಲಿ ಕೂತರೆ ಒತ್ತುತ್ತೇನೆ.