ಅರಗಾ ದಾಟಿದ ಮೇಲೆ ನೀನು ಮಾತಾಡಲಿಲ್ಲ

ಭಾವಾ,

ಈ ಸಲ ಮಾತು ನನ್ನದು, ಕೇಳುವುದು ನಿನ್ನದು. ನೀನು ಇದ್ದಾಗ ಇದು ಒಮ್ಮೆಯೂ ಆಗಲಿಲ್ಲ. ದಿನಚರಿಯಲ್ಲಿ ನಾಲ್ಕು ಸಾಲು ಬರೆದು ಮಲಗುವ ನಾನು ನಿನಗೆ ಇಷ್ಟುದ್ದ ಬರೆಯಬೇಕಾಗಿ ಬಂದಿದೆ. ನೀನು ಹೋಗಿ ಹತ್ತು ತಿಂಗಳಾದರೂ ನಿನ್ನ ಬಳಿ ಹೇಳದೆ ಉಳಿದದ್ದು ಒಂದಿದೆ.

ನಾವಿಬ್ಬರೂ ಡಾಕ್ಟರ ಮುಂದೆ ಕೂತ ದಿನ ನೆನಪಿದೆಯಾ? ನನಗೆ ಸಕ್ಕರೆ, ನಿನಗೆ ಬಿಪಿ. ದಿನಾ ಸೈಕಲ್ ತುಳಿಯಿರಿ ಎಂದರು. ‘ಎಷ್ಟು ಜೋರಾಗಿ?’ ಎಂದು ಕೇಳಿದವನು ನಾನು. ಅವರು ನಕ್ಕು, ‘ತುಳಿಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ನಿಮ್ಮ ವಯಸ್ಸಿಗೆ ಅಷ್ಟು ಅಳತೆ ಸಾಕು’ ಎಂದರು. ‘ಡಾಕ್ಟ್ರೇ, ನಂಗೆ ಕುರ್ಚಿ ಮೇಲೆ ಕೂತಾಗ್ಲೂ ಹಾಡೂಕೆ ಬರೂದಿಲ್ಲ, ಏನ್ ಮಾಡ್ಲಿ?’ ಎಂದೆ ನೀನು. ಹೊರಗೆ ಕಾಯುತ್ತಿದ್ದ ರೋಗಿಗಳೂ ನಕ್ಕರು. ಅವರಲ್ಲಿ ಅರ್ಧ ಜನ ನಿನ್ನ ಬಸ್ಸಿನವರೇ. ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರನ ದನಿ ಯಾರಿಗೆ ಗೊತ್ತಿರಲಿಲ್ಲ?

ಮೊದಲ ತಿಂಗಳ ಬೆಳಗುಗಳನ್ನು ನಾನು ಈಗಲೂ ಒಂದೊಂದಾಗಿ ತೆಗೆದು ನೋಡುತ್ತೇನೆ. ಬೊಬ್ರುವಾಡದ ನಿನ್ನ ಮನೆಯಿಂದ ಹೊರಟು ಬೇಲೆಕೇರಿಯವರೆಗೆ, ಕೆಲವು ದಿನ ಅವರ್ಸಾದವರೆಗೆ. ನೀನು ಪಕ್ಕದಲ್ಲೇ ಬರುತ್ತ ಆ ನಿಲ್ದಾಣದಲ್ಲಿ ದಿನಾ ಹತ್ತುತ್ತಿದ್ದ ಮಾಸ್ತರರ ಕಥೆ, ಈ ತಿರುವಿನಲ್ಲಿ ಕೋಳಿ ಬುಟ್ಟಿ ಬಿಟ್ಟು ಇಳಿದ ಅಜ್ಜಿಯ ಕಥೆ ಹೇಳುತ್ತಿದ್ದೆ. ಉಸಿರು ಸ್ವಲ್ಪ ಏರಿದರೆ ಕಥೆಯನ್ನು ಅಲ್ಲೇ ನಿಲ್ಲಿಸಿ ಬ್ರೇಕ್ ಹಿಡಿದು, ‘ತಡಿಯಾ, ಅಜ್ಜಿ ಇಳೀಲಿ’ ಎನ್ನುತ್ತಿದ್ದೆ. ಉಸಿರು ಸರಿಯಾದ ಮೇಲೆಯೇ ಅಜ್ಜಿ ಇಳಿಯುತ್ತಿದ್ದಳು. ಡಾಕ್ಟರು ಹೇಳಿದ ಅಳತೆಯನ್ನು ನೀನು ಎಷ್ಟು ಸರಿಯಾಗಿ ಪಾಲಿಸುತ್ತಿದ್ದೆ ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಹೊಟ್ಟೆ ಕರಗಲಿಲ್ಲ ಎಂದು ನನಗೆ ಅವಸರವಾದದ್ದು ಮೂರನೇ ತಿಂಗಳಲ್ಲಿ. ಶಾಲೆಯಲ್ಲಿ ಗಂಟೆ ಹೊಡೆದು ಕೂತ ಬಿಡುವಿನಲ್ಲಿ ಫೋನಿನಲ್ಲಿ ವಿಡಿಯೋ ನೋಡತೊಡಗಿದೆ. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆ, ಎದೆ ಬಡಿತವನ್ನು ಅದರ ಹತ್ತಿರಕ್ಕೆ ಏರಿಸು, ಒಂದು ನಿಮಿಷ ಜೀವ ಬಿಟ್ಟು ತುಳಿ, ಎರಡು ನಿಮಿಷ ಸುಧಾರಿಸಿಕೋ. ಹೇಳುವವನು ಇಪ್ಪತ್ತೈದರ ತರುಣ. ಕೇಳುವವನು ಐವತ್ತೊಂದರ ಜವಾನ. ನಿನಗೆ ತೋರಿಸಿದೆ. ‘ಇಂವ ನಮ್ಮ ಬಸ್ಸಿಗೆ ಬಂದ್ರೆ ಅರ್ಧ ಟಿಕೆಟ್ ಕೊಡ್ಬೇಕು’ ಎಂದು ಫೋನು ತಿರುಗಿ ಕೊಟ್ಟೆ. ನನಗೆ ಸಿಟ್ಟು ಬಂತು. ಆ ಶನಿವಾರ ನಾನು ಹೇಳಿದ ಮಾತು ಇದು, ಅಕ್ಷರ ಬಿಡದೆ ದಿನಚರಿಯಲ್ಲಿದೆ: ‘ಭಾವಾ, ನಿಂದು ಸೈಕಲ್ ಸವಾರಿ ಅಲ್ಲ, ಹರಟೆ. ನಾಳೆ ಬಿಣಗಾ ಏರು ಹತ್ತುವಾಗ ಬಾಯಿ ಮುಚ್ಕಂಡು ತುಳಿ ನೋಡ್ವಾ. ತಾಕತ್ತಿದ್ರೆ.’

ನೀನು, ‘ಆಯ್ತಾ ತಮಾ, ನೋಡ್ವಾ’ ಎಂದೆ.

ಭಾನುವಾರ ಅಮದಳ್ಳಿಯವರೆಗೆ ನೀನು ಮಾಮೂಲಿನಂತೆಯೇ ಇದ್ದೆ. ಅರಗಾ ದಾಟಿ ಏರು ಶುರುವಾಯಿತು. ನಾನು ಮುಂದೆ, ನೀನು ಹಿಂದೆ. ಅರ್ಧ ಏರಿದರೂ ನಿನ್ನ ದನಿಯಿಲ್ಲ. ನನಗೆ ಒಳಗೊಳಗೇ ಖುಷಿ. ನನ್ನ ಸವಾಲನ್ನು ನೀನು ಒಪ್ಪಿಕೊಂಡಿದ್ದೀಯ ಎಂದುಕೊಂಡೆ. ತಿರುಗಿ ನೋಡದೆಯೇ, ‘ಶಾಭಾಸ್ ಭಾವಾ, ಅಂತೂ ಕಲ್ತೆ’ ಎಂದು ಕೂಗಿದೆ. ಅದಕ್ಕೂ ಉತ್ತರವಿಲ್ಲ. ಇನ್ನಷ್ಟು ಜೋರಾಗಿ ತುಳಿದೆ, ಭಾವಾ. ನಿನ್ನನ್ನೂ ಎಳೆದುಕೊಂಡು ಹೋಗುತ್ತಿದ್ದೇನೆ ಎಂಬ ಗರ್ವದಲ್ಲಿ ತುಳಿದೆ. ಏರಿನ ತುದಿಯಲ್ಲಿ ನಿಂತು ತಿರುಗಿದಾಗ ರಸ್ತೆ ಖಾಲಿ. ಇಳಿದು ಬಂದರೆ ನೀನು ರಸ್ತೆ ಬದಿಯಲ್ಲಿ ಕೂತಿದ್ದೆ. ಸೈಕಲನ್ನು ಯಾರಿಗೂ ಅಡ್ಡವಾಗದಂತೆ ಪಕ್ಕಕ್ಕೆ ಮಲಗಿಸಿದ್ದೆ. ನನ್ನನ್ನು ನೋಡಿ ತುಟಿ ಆಡಿಸಿದೆ. ಏನು ಹೇಳಲು ಹೊರಟಿದ್ದೆ? ಒಂದು ನಿಮಿಷ ತಡಿ ಎಂದೋ, ಅಥವಾ… ದಾರಿಯಲ್ಲಿ ಬಂದ ಟೆಂಪೋದವನು ನಿಲ್ಲಿಸಿ ಎತ್ತಿ ಮಲಗಿಸಿದ. ಕಾರವಾರ ಮುಟ್ಟುವ ಮೊದಲೇ ನಿನ್ನ ಕೈ ನನ್ನ ಕೈಯಲ್ಲಿ ತಣ್ಣಗಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ನನ್ನ ಅಂಗಿ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. ‘ಕಡೀಗೆ ಏನಂದ್ರಾ? ನಂಗೆ ಹೇಳು.’ ನನ್ನ ಬಾಯಿಂದ ಸುಳ್ಳು ತಾನಾಗಿ ಬಂತು. ‘ದಾರಿ ಉದ್ದಕ್ಕೂ ನಗಸ್ತಾ ಇದ್ದ ಅಕ್ಕಾ. ಮಾತಾಡ್ತಾ ಮಾತಾಡ್ತಾನೇ…’ ಎಂದೆ. ಅವಳಿಗೆ ಅದೇ ಆಧಾರವಾಯಿತು. ಹನ್ನೆರಡನೆಯ ದಿನದ ಊಟಕ್ಕೆ ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ‘ಮಾತಾಡ್ತಾ ಹೋದ್ರು, ಪುಣ್ಯವಂತರು.’ ನಾನು ಬಡಿಸುತ್ತಿದ್ದೆ. ಅನ್ನದ ಹರಿವಾಣ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತೆ.

ಐದು ತಿಂಗಳು ಸೈಕಲ್ ಮುಟ್ಟಲಿಲ್ಲ. ಸಕ್ಕರೆ ಏರಿತು, ಡಾಕ್ಟರು ಬೈದರು, ಮತ್ತೆ ಹೊರಟೆ. ಆದರೆ ಒಂಟಿಯಾಗಿ ತುಳಿಯುವವನಿಗೆ ಆ ಅಳತೆ ಹೇಗೆ ಸಿಗಬೇಕು? ಮಾತಾಡಲು ಬರುತ್ತದೋ ಇಲ್ಲವೋ ಎಂದು ತಿಳಿಯಲು ಯಾರ ಹತ್ತಿರ ಮಾತಾಡಲಿ? ಕೊನೆಗೆ ನಿನ್ನ ನಿಲ್ದಾಣಗಳ ಹೆಸರನ್ನು ಕೂಗುತ್ತ ಹೋದೆ. ಅವರ್ಸಾ, ಹಾರವಾಡ, ಅಮದಳ್ಳಿ… ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ನಿಂತು ನೋಡಿ, ‘ಫೋನಲ್ಲಿ ಮಾತಾಡೂದಾ? ಬಿದ್ದೀಯಾ ಮಾರಾಯಾ’ ಎಂದಳು. ಹೌದು ಎಂದೆ. ಬೇರೆ ಏನು ಹೇಳಲಿ? ಕಡಲಿನ ಬದಿಯಿಂದ ಗಾಳಿ ಎದುರಾದಾಗ ಹೆಸರುಗಳು ಗಂಟಲಲ್ಲೇ ತುಂಡಾಗುತ್ತಿದ್ದವು. ಆಗ ಇಳಿದು ಸೈಕಲ್ ತಳ್ಳುತ್ತ ಬರುತ್ತಿದ್ದೆ. ಇಷ್ಟು ಸುಲಭವಿತ್ತು, ಭಾವಾ. ಇಳಿಯುವುದು ಇಷ್ಟು ಸುಲಭವಿತ್ತು.

ಕಳೆದ ತಿಂಗಳು ಒಂದು ಸಂಜೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಶನಿವಾರದ ನನ್ನ ಮಾತು, ಭಾನುವಾರದ ಶಾಭಾಸ್, ಆಸ್ಪತ್ರೆಯ ಸುಳ್ಳು, ಎಲ್ಲ. ‘ನಾ ಬಾಯಿ ಮುಚ್ಚು ಅಂದಿದ್ದಕ್ಕೇ ಭಾವ ಸುಮ್ಮನಾದ, ಅಕ್ಕಾ. ನನ್ನ ಮಾತಿಗೆ ಹಟ ಹಿಡ್ದು ತುಳಿದ’ ಎಂದೆ. ಅವಳು ಬೈಯುತ್ತಾಳೆ, ಹೊರಗೆ ನಡಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯೆತ್ತಿ ನೋಡಿದಳು.

‘ನೀ ಹೇಳ್ದೆ, ಅವ್ರು ಸುಮ್ಮನಾದ್ರು? ನೀ ಯಾವ ದೊಡ್ಡ ಸಾಹೇಬ್ರಾ? ಇಪ್ಪತ್ತೇಳು ವರ್ಷ ನಾ ಬಡ್ಕಂಡೆ, ಉಣ್ಣುವಾಗಾದ್ರೂ ಸುಮ್ನಿರಿ ಅಂತ. ಎರಡು ತುತ್ತು ಸುಮ್ನಿರ್ಲಿಲ್ಲ. ಯಾರ್ ಹೇಳಿದ್ರೂ ಸುಮ್ನಿರೋ ಜನ ಅಲ್ಲ ಅವ್ರು. ಅವ್ರು ಸುಮ್ಮನಾಗ್ಬೇಕು ಅಂದ್ರೆ…’

ಅಲ್ಲಿಗೆ ಅವಳ ಮಾತು ನಿಂತಿತು. ಆ ಏರಿನಲ್ಲಿ ನಿನಗೆ ಆಗಲೇ ಉಸಿರು ಸಿಗುತ್ತಿರಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವಳು ಮತ್ತೆ ತುರಿಯತೊಡಗಿದಳು. ಕಾಯಿ ಮುಗಿದಿತ್ತು. ಬರಿ ಕರಟ ಕೆರೆಯುವ ಸದ್ದು ಬರುತ್ತಿತ್ತು. ನಾನು ಎದ್ದು ಬಂದೆ.

ಎರಡು ವಾರ ಅವಳು ಫೋನ್ ಮಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕರೆದಳು. ಬಂಗಡೆ ಸಾರು ಮಾಡಿದ್ದಳು. ಬಡಿಸುತ್ತ ಹೇಳಿದಳು: ‘ಜನರಿಗೆಲ್ಲ ಮಾತಾಡ್ತಾ ಹೋದ್ರು ಅಂತ ಹೇಳಿ ಆಗಿದೆ. ಅದನ್ನ ನಾ ಬದಲು ಮಾಡೂದಿಲ್ಲ, ನೀನೂ ಮಾಡ್ಬೇಡ. ಖರೆ ಏನು ಅಂತ ನಮ್ಮಿಬ್ರಿಗೆ ಗೊತ್ತಿರ್ಲಿ, ಸಾಕು.’ ಅದು ಕ್ಷಮೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ನಿನ್ನ ಜಾಗದಲ್ಲಿ ಕೂತು ಉಂಡೆ. ಮನೆ ಇಷ್ಟು ಸದ್ದಿಲ್ಲದೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಅಕ್ಕನಿಗೂ ಸಕ್ಕರೆ ಬಂದಿದೆ. ಭಾನುವಾರ ಬೆಳಿಗ್ಗೆ ಅವಳು ನಡೆಯುತ್ತಾಳೆ, ನಾನು ಸೈಕಲ್ ತಳ್ಳುತ್ತ ಪಕ್ಕದಲ್ಲಿ ಹೋಗುತ್ತೇನೆ. ಮೊನ್ನೆ ಸಣ್ಣ ಏರಿನಲ್ಲಿ, ಪಕ್ಕದ ಮನೆಯವರ ದೂರು ಹೇಳುತ್ತಿದ್ದವಳು ನಡುವೆಯೇ ಸುಮ್ಮನಾದಳು. ನಾನು ಸೈಕಲನ್ನು ಅಲ್ಲೇ ಬಿಟ್ಟು ಅವಳ ತೋಳು ಹಿಡಿದೆ.

‘ಏನಾಯ್ತಾ? ಯಾಕೆ ನಿಂತೆ?’ ಎಂದಳು.

‘ಮಾತು ನಿಲ್ಲಿಸ್ದೆಯಲ್ಲೇ.’

‘ಅವ್ರ ನೆನಪಾಯ್ತು ಮಾರಾಯಾ. ಉಸಿರು ಸರಿ ಇದೆ.’

‘ಇರ್ಲಿ. ಕೂತ್ಕ.’

ಗೊಣಗುತ್ತ ಮೋರಿ ಕಟ್ಟೆಯ ಮೇಲೆ ಕೂತಳು. ಬಿಸಿಲು ಏರುತ್ತಿತ್ತು, ನಮ್ಮನ್ನು ದಾಟಿ ಇಬ್ಬರು ಮೂವರು ಹೋದರು. ಅವಳು ತಾನಾಗಿ ಪಕ್ಕದ ಮನೆಯವರ ದೂರಿಗೆ ಮರಳುವವರೆಗೆ ನಾನು ಕದಲಲಿಲ್ಲ, ಭಾವಾ. ಇನ್ನು ಯಾರ ಜೊತೆ ಹೋದರೂ ಕದಲುವುದಿಲ್ಲ.