ಇಪ್ಪತ್ತೆರಡರ ಹತ್ತಿರ ಏಳದ ಗೆರೆ

ಮಾಳಮಡ್ಡಿ, ಧಾರವಾಡ
೧೮ ಆಗಸ್ಟ್ ೨೦೨೪

ಪ್ರಿಯ ಮೃಣಾಲಿನಿ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ನಡುವೆ ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನು ಎತ್ತಲಿಲ್ಲ. ಸಿಟ್ಟು ನಿನ್ನ ಮೇಲಲ್ಲ. ನಾಲ್ಕು ಸಾಲು ಬರೆದುಕೊಡು ಅಂದವಳಿಗೆ ಎರಡು ತಿಂಗಳು ಸುಮ್ಮನಿದ್ದದ್ದಕ್ಕೆ ಕ್ಷಮಿಸು. ಮೈಸೂರಿನಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ಅವ್ವನ ಮುರಿದ ಸೊಂಟ ಕೂಡಿದೆ. ಗೋಡೆ ಹಿಡಿದು ಬಚ್ಚಲವರೆಗೆ ಹೋಗುತ್ತಾಳೆ, ಬರುವಾಗ ಮಾತ್ರ ನಾನು ಬೇಕು.

ಮೊದಲು ನಿಮ್ಮ ವಿಜ್ಞಾನ ನಿಘಂಟಿನ ವಿಷಯ. ತಿದ್ದಿಕೊಡು ಎಂದು ಕಳಿಸಿದ ಕರಡನ್ನು ಬರೆದ ಮಹಾನುಭಾವರು ಯಾರು? ‘ಲಾಕ್ಷಣಿಕ ಕ್ಷ-ಕಿರಣ’ ಎಂಬ ಪದದ ಮುಂದೆ ‘ನೇರವಾಗಿ ಚಲಿಸುತ್ತದೆ, ಮಾಂಸವನ್ನು ಹಾಯ್ದು ಹೋಗುತ್ತದೆ, ಫೋಟೋ ಫಿಲ್ಮನ್ನು ಕಪ್ಪಾಗಿಸುತ್ತದೆ’ ಎಂದು ಬರೆದಿದ್ದಾರಲ್ಲ! ಮೂವತ್ತೊಂದು ವರ್ಷ ಪಿಯುಸಿ ಹುಡುಗರು ಇದನ್ನೇ ಬರೆದರು, ಮೂವತ್ತೊಂದು ವರ್ಷ ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಕೇಳಿದ್ದು ಕ್ಷ-ಕಿರಣದ ಗುಣಗಳನ್ನಲ್ಲ ಮಾರಾಯರೇ, ಒಂದೊಂದು ಮೂಲವಸ್ತು ತನ್ನದೇ ಎಂದು ಹೊರಹಾಕುವ ಕಿರಣವನ್ನು. ಈಗ ನಿವೃತ್ತಿಯಾದ ಮೇಲೆಯೂ ಅದೇ ತಪ್ಪು, ಅದೂ ಮುದ್ರಣಕ್ಕೆ ಹೊರಟ ಪುಸ್ತಕದಲ್ಲಿ. ಇವರ ತಲೆಗೆ ಏನು ಹೇಳಲಿ?

ಬಳಕೆಗೆ ಒಂದು ಉದಾಹರಣೆ ಕೊಡು ಎಂದು ಬೇರೆ ಕೇಳಿದ್ದೀಯ. ಪುಸ್ತಕದಿಂದ ಎತ್ತಿಕೊಡಲು ಮನಸ್ಸು ಬರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಶಶಿಕುಮಾರ ಬಂಗಾರ ಬೆಳ್ಳಿ ಪರೀಕ್ಷೆ ಮಾಡುವ ಅಂಗಡಿ ಇಟ್ಟಿದ್ದಾನೆ. ಅಲ್ಲಿಯ ಯಂತ್ರ ನಡೆಯುವುದೇ ಈ ಕಿರಣಗಳ ಮೇಲೆ. ಕಣ್ಣಾರೆ ನೋಡಿ ಬರೆಯೋಣ ಎಂದುಕೊಂಡೆ. ಅದೇ ವಾರ ತಮ್ಮ ಕುಮಾರಸ್ವಾಮಿಯ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಕೊಂಡಿ ಮುರಿದಿತ್ತು. ಹುಬ್ಬಳ್ಳಿಯಲ್ಲೇ ರಿಪೇರಿ ಮಾಡಿಸು, ಅಕ್ಕನದನ್ನೂ ತೊಳೆಸಿಕೊಂಡು ಬಾ ಎಂದು ಅವ್ವ ಅವನಿಗೆ ಹೇಳಿದ್ದಳು. ಗಬ್ಬೂರಿನಿಂದ ಅವನು, ಇಲ್ಲಿಂದ ನಾನು ಹೋಗಿ ಶಶಿಕುಮಾರನ ಅಂಗಡಿಯಲ್ಲಿ ಕೂಡಿದೆವು. ಇಷ್ಟಲಿಂಗಗಳನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಖಾಲಿ ಕರಡಿಗೆಗಳನ್ನು ಅವನ ಕೈಗೆ ಕೊಟ್ಟೆವು.

ಆ ಕರಡಿಗೆಗಳನ್ನು ನೀನು ನೋಡಿದ್ದೀಯ. ಎಂಎಸ್ಸಿ ಓದುವಾಗ ಹಾಸ್ಟೆಲಿನಲ್ಲಿ ಸೋಮವಾರಕ್ಕೊಮ್ಮೆ ನಾನು ನನ್ನದನ್ನು ವಿಭೂತಿ ಹಚ್ಚಿ ತಿಕ್ಕುತ್ತಿದ್ದರೆ ನಗುತ್ತಿದ್ದೆಯಲ್ಲ. ಅಜ್ಜಿಯ ಬೆಳ್ಳಿ ಕಾಲ್ಗಡಗ ಕರಗಿಸಿ, ಮಗಳಿಗೊಂದು ಮಗನಿಗೊಂದು ಎಂದು ಅಪ್ಪ ಮಾಡಿಸಿದ್ದು. ‘ನಿಮ್ಮಪ್ಪ ಕುಬೇರಪ್ಪ ಗಂಡು ಹೆಣ್ಣು ಅಂತ ಭೇದ ಮಾಡಿದವನಲ್ಲ’ ಎಂದು ನಮ್ಮ ಮನೆಗೆ ಬಂದವರೆಲ್ಲ ಹೇಳುತ್ತಿದ್ದರು, ಸಾಕ್ಷಿಗೆ ನಾವಿಬ್ಬರೂ ಕೊರಳು ತೋರಿಸುತ್ತಿದ್ದೆವು. ತಮ್ಮನದು ತುಸು ಭಾರ, ನನ್ನದು ಹಗುರ. ಹುಡುಗಿಯ ಕೊರಳಿಗೆ ಭಾರವಾಗಬಾರದೆಂದು ತೆಳ್ಳಗೆ ಮಾಡಿಸಿರಬೇಕು ಎಂದು ತಿಳಿದಿದ್ದೆ. ನನ್ನದು ಹಳದಿಗೆ ತಿರುಗುತ್ತಿತ್ತು, ನನ್ನ ಬೆವರೇ ಕೆಟ್ಟದ್ದು ಎಂದು ತಿಳಿದಿದ್ದೆ. ಭೌತಶಾಸ್ತ್ರ ಓದಿದವಳ ಬುದ್ಧಿ ನೋಡು!

ಶಶಿಕುಮಾರ ಮೊದಲು ತಮ್ಮನದನ್ನು ಇಟ್ಟ. ಪರದೆಯ ಮೇಲೆ ಇಪ್ಪತ್ತೆರಡು ಕಿಲೋ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಬೆಳ್ಳಿಯ ಗೆರೆ ಎತ್ತರಕ್ಕೆ ಎದ್ದು ನಿಂತಿತು, ಎಂಟರ ಹತ್ತಿರ ತಾಮ್ರದ್ದು ಸಣ್ಣದೊಂದು. ಎಷ್ಟು ವರ್ಷ ಬೋರ್ಡಿನ ಮೇಲೆ ಬಿಡಿಸಿದ್ದೆ, ಕಣ್ಣೆದುರು ಎದ್ದದ್ದು ನೋಡಿ ಖುಷಿಯಾಯಿತು. ಆಮೇಲೆ ನನ್ನದನ್ನು ಇಟ್ಟ. ಏಳೂವರೆಗೆ ನಿಕ್ಕಲ್, ಎಂಟಕ್ಕೆ ತಾಮ್ರ, ಎಂಟೂವರೆ ದಾಟಿ ಸತು. ಇಪ್ಪತ್ತೆರಡರ ಹತ್ತಿರ ಏನೂ ಇಲ್ಲ, ಹೆಸರಿಗೆ ಒಂದು ಗುಬುಟು ಸಹ ಇಲ್ಲ. ಅಂಥ ಮೂರು ಗೆರೆ ಕೂಡಿದರೆ ಅದು ಜರ್ಮನ್ ಸಿಲ್ವರ್, ಹೆಸರಿನಲ್ಲಷ್ಟೇ ಬೆಳ್ಳಿ. ಓದಲು ಬೇರೆ ಯಾರೂ ಬೇಕಾಗಿರಲಿಲ್ಲ.

ಕುಮಾರಸ್ವಾಮಿ ಯಂತ್ರವೇ ಕೆಟ್ಟಿದೆ ಎಂದು ಶುರು ಮಾಡಿದ. ಹತ್ತಿ ವ್ಯಾಪಾರಿ, ತೂಕದ ಕಾಟಾದ ಮೇಲೂ ನಂಬಿಕೆಯಿಲ್ಲದವನು. ಮೂರು ಸಲ ಇಡಿಸಿದ, ತಿರುವಿ ಇಡಿಸಿದ, ಮುಚ್ಚಳ ಬೇರೆ ತಳ ಬೇರೆ ಇಡಿಸಿದ. ಶಶಿಕುಮಾರ ಪಾಪ, ‘ಪಾಲಿಶ್ ಹೋಗಿರಬೇಕ್ರಿ ಮೇಡಂ’ ಎಂದು ನೆಲ ನೋಡಿದ. ತಮ್ಮನಿಗೆ ಅಲ್ಲೇ ಪಾಠ ಮಾಡಿದೆ. ಯಂತ್ರದ ಕಿರಣ ಪರಮಾಣುವಿನ ಒಳಮನೆಯ ಎಲೆಕ್ಟ್ರಾನನ್ನು ಹೊರಗೆ ದಬ್ಬುತ್ತದೆ, ಖಾಲಿಯಾದ ಜಾಗಕ್ಕೆ ಮೇಲಿನದೊಂದು ಇಳಿಯುತ್ತದೆ, ಇಳಿಯುವಾಗ ಉಳಿದ ಶಕ್ತಿ ಕಿರಣವಾಗಿ ಹೊರಬರುತ್ತದೆ. ಆ ಇಳಿತದ ಅಳತೆ ಬೆಳ್ಳಿಗೆ ಬೇರೆ, ತಾಮ್ರಕ್ಕೆ ಬೇರೆ. ಕದ ತೆಗೆಯದೆ ದನಿ ಕೇಳಿಯೇ ಇಂಥವರು ಎನ್ನುತ್ತೇವಲ್ಲ, ಹಾಗೆ. ಎಲ್ಲ ಕೇಳಿ ಅವನು ಅಂದದ್ದು ಇಷ್ಟೇ: “ಅವ್ವಗ ಹೇಳಬ್ಯಾಡ ಅಕ್ಕಾ. ಅಪ್ಪನ ಮ್ಯಾಲ ಆಕಿ ಭಾಳ ನಂಬಿಕಿ ಇಟ್ಟಾಳ.”

ನನ್ನ ನಂಬಿಕೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಮನೆಗೆ ಬಂದರೆ ಅವ್ವ ಮಂಚದ ಮೇಲೆ ಕಾಯುತ್ತಿದ್ದಳು. ಎಕ್ಸ್-ರೇ ಯಂತ್ರದಲ್ಲಿ ಇಡಿಸಿದೆವು ಎಂದೆ. “ಎಕ್ಸ್-ರೇ ತಗದ್ರ ಎಲುಬ ಕಾಣಸ್ತಾವು, ಕರಡಿಗ್ಯಾಗ ಎಲ್ಲೀ ಎಲುಬ?” ಎಂದಳು. ಅವಳಿಗೂ ಪಾಠ ಮಾಡಿದೆ. ಎಲುಬು ತೋರಿಸುವುದು ಒಳಗೆ ಹಾಯ್ದು ಹೋದ ಕಿರಣದ ನೆರಳು, ಇದು ಲೋಹವೇ ತಿರುಗಿ ಕೊಡುವ ಉತ್ತರ ಎಂದೆ. ಏನು ಉತ್ತರ ಕೊಟ್ಟಿತು ಎಂದು ಕೇಳಿದಳು. ಎರಡೂ ಬೆಳ್ಳಿ ಅಂತವ್ವ ಎಂದುಬಿಟ್ಟೆ. ಪ್ರ್ಯಾಕ್ಟಿಕಲ್ ಪರೀಕ್ಷೆಯಲ್ಲಿ ರೀಡಿಂಗ್ ತಿದ್ದಿದ ಹುಡುಗರಿಗೆ ಸೊನ್ನೆ ಹಾಕಿದವಳು ನಾನು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಹಣ್ಣಾದ ಜೀವ, ಸಮಾಧಾನವಾಗಿರಬೇಕು ಎಂದುಕೊಂಡೆ.

ಅವತ್ತಿನಿಂದ ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಅಮ್ಮಿನಬಾವಿಯ ದೊಡ್ಡಪ್ಪಂದಿರ ಜೊತೆ ಜಗಳವಾಡಿ ನನ್ನನ್ನು ಎಂಎಸ್ಸಿಗೆ ಸೇರಿಸಿದ ಮನುಷ್ಯ. ಲಕ್ವ ಹೊಡೆದು ಮಲಗಿದಾಗ ಒಂಬತ್ತು ವರ್ಷ ನಾನು ಉಣಿಸಿದೆ. ಅವನೇ ಹೀಗೆ ಮಾಡಿದನೇ? ಎರಡು ತಿಂಗಳು ಅವನ ಫೋಟೋಕ್ಕೆ ಹೂವಿಲ್ಲ. ಹೂ ಮಾರುವ ದೇವಕ್ಕ ಯಾಕೆ ಅಕ್ಕಾವರೆ ಎಂದು ಕೇಳಿದ್ದಕ್ಕೂ ರೇಗಿದೆ. ಸತ್ತವನ ಜೊತೆ ಜಗಳವಾಡಲು ಬರುವುದಿಲ್ಲ, ಅದೇ ದೊಡ್ಡ ತಾಪತ್ರಯ. ನಿನಗೆ ಬರೆಯಲು ಕುಳಿತಾಗೆಲ್ಲ ‘ಉದಾಹರಣೆ’ ಎಂಬಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು.

ಇರಲಿ. ನಿನಗೆ ಬೇಕಾದದ್ದು ಇದು, ಅಕ್ಷರ ಬದಲಿಸದೆ ಹಾಕಿಸು:

ಲಾಕ್ಷಣಿಕ ಕ್ಷ-ಕಿರಣ: ಪರಮಾಣುವಿನ ಒಳಕವಚದಲ್ಲಿ ಖಾಲಿಯಾದ ಸ್ಥಾನಕ್ಕೆ ಹೊರಕವಚದ ಎಲೆಕ್ಟ್ರಾನ್ ಇಳಿದಾಗ ಹೊರಡುವ ಕ್ಷ-ಕಿರಣ. ಇದರ ಶಕ್ತಿ ಆಯಾ ಮೂಲವಸ್ತುವಿಗೆ ನಿಶ್ಚಿತ. ಆದ್ದರಿಂದ ವಸ್ತುವನ್ನು ಕೆಡಿಸದೆ ಅದರಲ್ಲಿ ಏನಿದೆ ಎಂದು ತಿಳಿಯಲು ಬಳಸುತ್ತಾರೆ. ಬಳಕೆ: ‘ಲಾಕ್ಷಣಿಕ ಕ್ಷ-ಕಿರಣಗಳಿಂದ ಕರಡಿಗೆಯಲ್ಲಿ ಬೆಳ್ಳಿ ಇಲ್ಲವೆಂದು ತಿಳಿಯಿತು.’

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮೊಮ್ಮಗಳಿಗೆ ನನ್ನ ತುಂಬು ಆಶೀರ್ವಾದ. ಅವಳು ಏನನ್ನೇ ಓದಲಿ, ಮನಸ್ಸಿಟ್ಟು ಓದಲಿ. ಶಿವ ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ,
ನಾಗರತ್ನಾ

ತಾ.ಕ.: ಮೇಲಿನದೆಲ್ಲ ನಿನ್ನೆ ಬರೆದದ್ದು. ಇವತ್ತು ಬೆಳಿಗ್ಗೆ ಅವ್ವನ ತಲೆ ಬಾಚುತ್ತಿದ್ದೆ. ಅಪ್ಪನ ಫೋಟೋಕ್ಕೆ ಯಾಕೆ ಹೂ ಇಡುತ್ತಿಲ್ಲ ಎಂದು ಕೇಳಿದಳು. ನಾನು ಬಾಚುತ್ತಲೇ ಇದ್ದೆ. ನನ್ನ ಕಡೆ ತಿರುಗದೆಯೇ ಅಂದಳು: “ಅವರ ಮ್ಯಾಲ ಸಿಟ್ಟಾಗಬ್ಯಾಡ. ಎರಡೂ ಬೆಳ್ಳೀಲೆ ಮಾಡಸ ಅಂತ ಅವರು ಕಾಲ್ಗಡಗ ನನ್ನ ಕೈಯಾಗ ಕೊಟ್ಟಿದ್ರು. ಎಲ್ಲಾ ಬೆಳ್ಳಿ ಹುಡುಗಗ ಹಾಕು ಅಂತ ಅಕ್ಕಸಾಲಿಗನಿಗೆ ಹೇಳಿದಾಕಿ ನಾನ. ನೀ ಕೊಟ್ಟ ಮನಿಗೆ ಹೋಗಾಕಿ ಅಂತ ತಿಳಕೊಂಡಿದ್ನಿ. ನೀ ಹೋಗಲೇ ಇಲ್ಲ.”

ಜಡೆ ಅರ್ಧ ಆಗಿತ್ತು. ಪೂರ್ತಿ ಹೆಣೆದು, ಚಹಾ ಮಾಡಿಕೊಟ್ಟು, ಅಪ್ಪನ ಫೋಟೋಕ್ಕೆ ಹೂ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಆ ಕರಡಿಗೆ ಮಾಡಿಸಿದಾಗ ನನಗೆ ಆರು ವರ್ಷ, ಮೃಣಾಲಿನಿ.